ಅಣ್ಣನ ಹೆಸರು, ಯಾರದೋ ಮುಖ

ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನೆ ಸುಖವಾಗಿ ತಲುಪಿದೆ. ಅಣ್ಣ ಕೊನೆಗೆ ಇದ್ದ ಸೈನಿಕರ ಠಾಣೆ ಈಗ ಮೇಜು ಕುರ್ಚಿ ಮಾಡುವ ಕಾರ್ಖಾನೆ. ಕವಾಯತಿನ ಮೈದಾನದ ತುಂಬ ಹಲಗೆಗಳ ರಾಶಿ. ಅವನ ಸ್ಮಾರಕವೊಂದು ಮಾತ್ರ ಗೇಟಿನ ಪಕ್ಕದಲ್ಲಿ ಹಾಗೆಯೇ ಉಳಿದಿದೆ. ಕಲ್ಲಿನಲ್ಲಿ ಅವನ ಹೆಸರು, ಊರು ಎಲ್ಲ ಸರಿಯಾಗಿವೆ. ಮೇಲಿರುವ ಕಂಚಿನ ಮುಖ ಮಾತ್ರ ನಮ್ಮ ಅಣ್ಣನದಲ್ಲ ಕಣೇ. ದಪ್ಪ ಹುಬ್ಬು, ಅಗಲ ದವಡೆ.

ನಾನು ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ ಒಬ್ಬ ಅಜ್ಜಿ ಬಕೆಟ್ ಹಿಡಿದು ಬಂದು ಆ ಮುಖ ತೊಳೆಯತೊಡಗಿದರು.

"ಇವನು ನನ್ನ ಮಗ ಕಣಮ್ಮ. ಇವನೂ ಈ ಕಲ್ಲಲ್ಲಿ ಹೆಸರಿರೋ ಹುಡುಗನೂ ಜೊತೇಲಿ ತೆಗೆಸಿಕೊಂಡಿದ್ದ ಫೋಟೋ ನೋಡಿ ಶಿಲ್ಪಿ ತಪ್ಪು ಮಾಡಿಬಿಟ್ಟ. ನನ್ನ ಮಗ ಹೋಗಿದ್ದು ಜ್ವರದಲ್ಲಿ, ಯುದ್ಧದಲ್ಲಲ್ಲ. ಅದಕ್ಕೆ ಅವನಿಗೆ ಬೇರೆ ಕಲ್ಲಿಲ್ಲ. ನೀನು ಯಾರಮ್ಮ?"

"ಈ ಹೆಸರಿನವನ ತಂಗಿ" ಎಂದೆ.

ಅವರ ಕೈ ನಿಂತುಹೋಯಿತು. "ಹಾಗಾದ್ರೆ ಈ ಮುಖ ತೆಗೆಸಿಬಿಡ್ತೀಯಾ?"

ಸಿಟ್ಟು ಬರಬೇಕಿತ್ತೋ ಅಳು ಬರಬೇಕಿತ್ತೋ, ನನಗೆ ಒಂದೂ ತಿಳಿಯಲಿಲ್ಲ. ಅವರ ಕೈಯಿಂದ ಬಟ್ಟೆ ಇಸಕೊಂಡು ಆ ಹುಡುಗನ ಕಿವಿಯ ಹಿಂದೆ ಕೂತಿದ್ದ ಮರದ ಪುಡಿ ಒರೆಸಿದೆ. ಯಾಕೆ ಹಾಗೆ ಮಾಡಿದೆನೋ ಈಗಲೂ ಗೊತ್ತಿಲ್ಲ. ಮಾಡಿದ್ದು ಸರಿಯೇ ಅಕ್ಕ?

ನನ್ನ ಕೆಮ್ಮು ಇಳಿದಿದೆ, ಊಟ ಸೇರುತ್ತಿದೆ. ಈ ಕಾರ್ಡನ್ನು ಅಮ್ಮನಿಗೆ ಓದಿ ಹೇಳಬೇಡ. ಮುಖ ಹೇಗಿದೆಯಂತೆ ಎಂದು ಕೇಳಿದರೆ, ದಿನಾ ಯಾರೋ ತೊಳೆದು ಹೊಳೆಯುವ ಹಾಗೆ ಇಟ್ಟಿದ್ದಾರಂತೆ ಎನ್ನು. ಅದು ಸುಳ್ಳಲ್ಲ.

ಜಾಗ ಮುಗಿಯಿತು.

ನಿನ್ನ ತಂಗಿ