ಹೆಸರಿಲ್ಲದ ಎರಡು ಫೋಲ್ಡರ್

ಮಾರ್ಚ್ ೩, ಸೋಮವಾರ, ಮಧ್ಯಾಹ್ನ ೧.೨೦

ಟಾಸ್ಕ್‌ಬಾರ್ ಎಡಗಡೆಗೆ ಸರಿಸಿದ್ದಾಯಿತು. ಫಾಂಟ್ ಬದಲಾಯಿಸಿದ್ದಾಯಿತು. ಮೌಸಿನ ಬಾಣ ದಪ್ಪಗಾಯಿತು. ಇನ್ನು ಉಳಿದಿದ್ದು ಐಕಾನ್‌ಗಳು. ಊಟದ ಡಬ್ಬಿ ಮುಚ್ಚಿದ ಹಾಗೇ ಇದೆ.

ಎಕ್ಸ್‌ರೇ ಸೆಂಟರಿನ ಒಳಕೋಣೆಯ ಈ ಕಂಪ್ಯೂಟರ್ ನಾನು ಕೆಲಸಕ್ಕೆ ಸೇರಿದ ದಿನದಿಂದ ಕಣ್ಣಿಗೆ ಚುಚ್ಚುತ್ತಿತ್ತು. ಪರದೆಯ ತುಂಬ ಫೈಲು, ಯಾರೋ ಅವಸರದಲ್ಲಿ ಬಿಚ್ಚಿ ಎಸೆದ ಬಟ್ಟೆಗಳ ಹಾಗೆ. ಇದನ್ನು ಬಳಸುವವರು ಇಬ್ಬರೇ. ಹೆಸರು, ವಯಸ್ಸು, ರಿಪೋರ್ಟು ನೋಡಿಕೊಳ್ಳುವ ನಾನು; ಎಕ್ಸ್‌ರೇ ತೆಗೆಯುವ ನೆರಳಣ್ಣ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಡಾಕ್ಟರಮ್ಮನಿಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಆ ಹೆಸರು. ಮೂವತ್ತೊಂದು ವರ್ಷದ ಸರ್ವೀಸು.

ತೆಗೆದ ಪ್ರತಿ ಚಿತ್ರವನ್ನೂ ಅವರೇ ನೋಡಿ ಎರಡರಲ್ಲಿ ಒಂದು ಫೋಲ್ಡರಿಗೆ ಹಾಕಬೇಕು. ಡಾಕ್ಟರಮ್ಮ ಕೂಡಲೇ ನೋಡಬೇಕಾದ್ದು ಒಂದರಲ್ಲಿ. ಸಂಜೆ ನೋಡಿದರೂ ಆದೀತು ಅನ್ನುವುದು ಇನ್ನೊಂದರಲ್ಲಿ. ಇಷ್ಟು ದಿನ ಒಂದು ಎಡತುದಿಗೆ, ಒಂದು ಬಲತುದಿಗೆ. ಎರಡೂ ಪೇಲವ ಹಳದಿ. ಕೆಳಗೆ ಉದ್ದುದ್ದ ಹೆಸರು. ನೋಡಿದರೆ ಅಳು ಬರಬೇಕು.

ಈಗ? ಎರಡು ಗುಂಡನೆಯ ಐಕಾನ್, ಗುಂಡಿಯ ಹಾಗೆ. ತುರ್ತು ಕೆಂಪು, ನಿಧಾನ ಹಸಿರು. ಎರಡೂ ಒಂದೇ ಹದದ ಮೆತ್ತನೆ ಬಣ್ಣ. ಹೆಸರೇ ಇಲ್ಲ! ಹೆಸರಿನ ಜಾಗದಲ್ಲಿ ಖಾಲಿ ಅಕ್ಷರ. ಒಂದೇ ಹೆಸರು ಎರಡು ಸಲ ಕೊಟ್ಟರೆ ಕಂಪ್ಯೂಟರ್ ತಕರಾರು ಮಾಡುತ್ತದೆ. ಆದ್ದರಿಂದ ಒಂದಕ್ಕೆ ಒಂದು ಖಾಲಿ ಅಕ್ಷರ, ಇನ್ನೊಂದಕ್ಕೆ ಎರಡು. ಯಾರಿಗೆ ಹೊಳೆದೀತು ಇದು? ಜೊತೆಗೆ, ಕೊನೆಗೆ ಬಳಸಿದ ಫೋಲ್ಡರ್ ತಾನಾಗಿ ಮುಂದೆ ಬಂದು ನಿಲ್ಲುವ ಹಾಗೆ ಜೋಡಣೆ. ಹಿನ್ನೆಲೆ ಕಡುನೀಲಿ.

ಬೆನ್ನು ತಟ್ಟಿಕೊಳ್ಳೋಣವೆಂದರೆ ನನ್ನ ಕೈ ನನಗೇ ಎಟುಕುವುದಿಲ್ಲ.

ಮಾರ್ಚ್ ೪, ಮಂಗಳವಾರ

ಡಾಕ್ಟರಮ್ಮ ಬಾಗಿಲಲ್ಲೇ ನಿಂತು ನೋಡಿದರು. ‘ಅಡ್ಡಿಯಿಲ್ಲ ಕಣೇ ಸಿಂಗಾರಿ.’ ನನಗೆ ಆ ಹೆಸರಿಟ್ಟವರೂ ಅವರೇ.

ನೆರಳಣ್ಣ ಮಾತ್ರ ಬಹಳ ಹೊತ್ತು ಪರದೆ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

‘ಕೆಳಗೆ ಹೆಸರು ಇರಬಹುದಿತ್ತಲ್ಲಮ್ಮ.’

‘ಯಾಕಣ್ಣ? ಕೆಂಪು ಅಂದ್ರೆ ಬೇಗ, ಹಸಿರು ಅಂದ್ರೆ ನಿಧಾನ. ಓದು ಬಾರದೋರಿಗೂ ಗೊತ್ತಾಗುತ್ತೆ.’

‘ಹೌದೌದು... ಗೊತ್ತಾಗುತ್ತೆ ಬಿಡು.’

ಹಳಬರು. ಕುರ್ಚಿ ಒಂದಡಿ ಸರಿಸಿದರೂ ಮುಖ ಬಾಡುತ್ತದೆ. ಅಭ್ಯಾಸವಾದರೆ ಸರಿಹೋಗುತ್ತಾರೆ.

ಮನೆಯಲ್ಲಿ ಅತ್ತೆಗೆ ಫೋನಿನಲ್ಲಿ ಫೋಟೊ ತೋರಿಸಿದೆ. ‘ಬಣ್ಣ ಹಚ್ಚೋ ಕೈಗೆ ನಮ್ಮ ಅಡುಗೆಮನೆ ಗೋಡೆ ಕಾಣಲಿಲ್ವಾ?’ ಅಂದರು. ಹೊಗಳಿಕೆ ಅಂದುಕೊಂಡೆ.

ಮಾರ್ಚ್ ೬, ಗುರುವಾರ

ನೆರಳಣ್ಣನಿಗೆ ಇದ್ದಕ್ಕಿದ್ದಂತೆ ಶುಚಿಯ ಹುಚ್ಚು ಹಿಡಿದಿದೆ. ‘ಆಯಮ್ಮ, ಪರದೆ ಮೇಲೆ ಧೂಳು, ಸ್ವಲ್ಪ ಬಂದು ಒರಸು.’ ಅರ್ಧ ಗಂಟೆಗೊಮ್ಮೆ ಇದೇ. ಆಯಮ್ಮ ನೆಲ ಒರೆಸುವುದು ಬಿಟ್ಟು ಬಟ್ಟೆ ಹಿಡಿದು ಓಡುತ್ತಾಳೆ. ಹೊಸ ಡೆಸ್ಕ್‌ಟಾಪಿಗೆ ಇಷ್ಟು ಮರ್ಯಾದೆ! ನಾನು ಬದಲಾಯಿಸಿದ್ದು ಸಾರ್ಥಕ.

ಮಾರ್ಚ್ ೧೧, ಮಂಗಳವಾರ

ಮೂರು ಮಂಡಿಚಿತ್ರ ಕೆಂಪಿನಲ್ಲಿ. ತುರ್ತಿನದು ಏನೂ ಇಲ್ಲ, ಬರೀ ಸವೆತ. ಡಾಕ್ಟರಮ್ಮ ಒಬ್ಬ ರೋಗಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದು, ನೋಡಿ, ಹಣೆ ಗಂಟಿಕ್ಕಿಕೊಂಡು ಹೋದರು. ‘ಕೈ ತಪ್ಪಿತು’ ಅಂದರು ನೆರಳಣ್ಣ.

ಆಯಮ್ಮ ರಜೆ. ಕಸದ ಬುಟ್ಟಿ ನಾನೇ ಖಾಲಿ ಮಾಡಿದೆ.

ಮಾರ್ಚ್ ೧೪, ಶುಕ್ರವಾರ, ಸಂಜೆ ೫

ಮತ್ತೆ. ಈ ಸಲ ಉಲ್ಟಾ. ಮುರಿದ ಬೆರಳು ಹಸಿರಿನಲ್ಲಿ ಕೂತಿತ್ತು. ಪುಣ್ಯಕ್ಕೆ ನಾನೇ ನೋಡಿದೆ.

ಆಯಮ್ಮನ ಮಗಳಿಗೆ ಹೆರಿಗೆಯಂತೆ, ಅವಳು ಬಂದಿರಲಿಲ್ಲ. ಟೇಬಲ್ ಒರೆಸುವುದು, ಬಾಗಿಲು ಕಾಯುವುದು, ಎಲ್ಲ ನನ್ನ ತಲೆಗೆ. ಸಿಟ್ಟಿನಲ್ಲಿದ್ದೆ. ಡಾಕ್ಟರಮ್ಮನ ಕೋಣೆಗೆ ಹೋಗಿ ಹೇಳಿಬಿಟ್ಟೆ: ‘ನೆರಳಣ್ಣಂಗೆ ವಯಸ್ಸಾಯ್ತು ಮೇಡಂ. ಇಷ್ಟು ಸುಲಭ ಮಾಡಿಕೊಟ್ಟರೂ ತಪ್ಪು ಮಾಡ್ತಾರೆ.’

ಹೇಳಬೇಕಾದ್ದೇ. ಯಾರಾದರೂ ಹೇಳಬೇಕಲ್ಲ.

ಮಾರ್ಚ್ ೧೯, ಬುಧವಾರ

ಬರೆಯಲು ಕೈ ಏಳುತ್ತಿಲ್ಲ.

ಬೆಳಿಗ್ಗೆ ಒಬ್ಬ ದರ್ಜಿ ಅಕ್ಕ ಬಂದಿದ್ದರು. ಮೆಟ್ಟಿಲಲ್ಲಿ ಜಾರಿದ್ದರು, ಬಲಗಾಲಿನ ಹರಡು ಊದಿತ್ತು. ನೆರಳಣ್ಣ ಚಿತ್ರ ತೆಗೆದರು, ಫೋಲ್ಡರಿಗೆ ಹಾಕಿದರು. ನಾನು ತುರ್ತಿನ ಪಟ್ಟಿ ನೋಡಿದೆ, ಅವರ ಹೆಸರಿರಲಿಲ್ಲ. ‘ಸಂಜೆ ಬಂದು ರಿಪೋರ್ಟ್ ತಗೊಳ್ಳಿ ಅಕ್ಕ’ ಅಂದೆ. ಅವರು ಕುಂಟುತ್ತಾ ನಡೆದುಕೊಂಡೇ ಹೋದರು. ಅಂಗಡಿ ತೆಗೆದು ನಾಲ್ಕು ಗಂಟೆ ಹೊಲಿಗೆ ಯಂತ್ರ ತುಳಿದರಂತೆ.

ಸಂಜೆ ಡಾಕ್ಟರಮ್ಮ ಹಸಿರು ತೆರೆದರು. ಬಿರುಕು. ಫೋನ್ ಮಾಡಿ ಕರೆಸಿ ಮತ್ತೆ ಚಿತ್ರ ತೆಗೆಸಿದರೆ, ಮೂಳೆ ಜಾಗ ಬಿಟ್ಟು ಸರಿದಿತ್ತು. ಮೂರು ವಾರದ ಪ್ಲಾಸ್ಟರ್ ಈಗ ಎಂಟು ವಾರ.

ನೆರಳಣ್ಣ ಗೋಡೆಗೆ ಒರಗಿ ನಿಂತಿದ್ದರು. ‘ಬಿರುಕು ನೋಡಿದ್ದೆ ನಾನು’ ಅಂದರು. ‘ನೋಡಿ, ತುರ್ತಿಗೇ ಹಾಕಿದೆ. ತುರ್ತಿಗೇ...’

ಆಯಮ್ಮ ಇವತ್ತೂ ಇಲ್ಲ. ಹಸುಗೂಸಿಗೆ ಜ್ವರವಂತೆ.

ಮಾರ್ಚ್ ೨೦, ಗುರುವಾರ

ಡಾಕ್ಟರಮ್ಮ ಅವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹತ್ತು ನಿಮಿಷ. ಹೊರಗೆ ಬಂದ ನೆರಳಣ್ಣ ಬಿಳಿ ಕೋಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಮೇಲಿಟ್ಟರು. ‘ಒಂದು ವಾರ ಮನೇಲಿರಿ ಅಂದ್ರು. ಆಮೇಲೆ ನೋಡೋಣ ಅಂದ್ರು.’ ಅಷ್ಟೇ. ನನ್ನ ಮುಖ ನೋಡಲಿಲ್ಲ.

ಬೇರೆ ಸೆಂಟರಿನಿಂದ ಒಬ್ಬಾಕೆ ಬಂದಿದ್ದಾಳೆ. ಎರಡು ಗುಂಡು ಐಕಾನ್ ನೋಡಿ ‘ಸೂಪರ್’ ಅಂದಳು. ಯಾಕೋ ಖುಷಿಯಾಗಲಿಲ್ಲ.

ಮಾರ್ಚ್ ೨೨, ಶನಿವಾರ, ಬೆಳಿಗ್ಗೆ ೧೧

ಆಯಮ್ಮ ಬಂದಳು. ಬಂದವಳೇ ‘ಅಣ್ಣ ಎಲ್ಲಿ?’ ಹೇಳಿದೆ. ಅವಳು ಪೊರಕೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

‘ಅಯ್ಯೋ, ನಾನಿಲ್ದೆ ಅವರಿಗೆ ಕೆಂಪು ತೋರ್ಸೋರು ಯಾರು?’

‘ಏನು ತೋರ್ಸೋದು?’

‘ಅದೇ, ಆ ಟೀವಿಲಿ. ಒರೆಸೋಕೆ ಅಂತ ಕರೆದು, ಕೆಂಪು ಯಾವುದು ಬೆರಳಿಡು ಆಯಮ್ಮ ಅಂತಿದ್ರು. ಕನ್ನಡಕ ಮಂಜಾಗಿದೆಯಂತೆ. ದಿನಕ್ಕೆ ಇಪ್ಪತ್ತು ಸಲ ಬೆರಳಿಟ್ಟಿದ್ದೀನಿ.’

ಈ ಪುಸ್ತಕದ ಪುಟ ಹಿಂದಕ್ಕೆ ತಿರುಗಿಸಿದೆ. ಹನ್ನೊಂದು: ಆಯಮ್ಮ ರಜೆ. ಹದಿನಾಲ್ಕು: ಬಂದಿರಲಿಲ್ಲ. ಹತ್ತೊಂಬತ್ತು: ಇವತ್ತೂ ಇಲ್ಲ. ನನ್ನದೇ ಕೈಬರಹ. ಮೂರು ಸಲ ಬರೆದಿದ್ದೇನೆ, ಒಂದು ಸಲವೂ ಓದಿಲ್ಲ.

ಮೊದಲು ಎಡ ಬಲ ನೋಡಿ ಹಾಕುತ್ತಿದ್ದರು, ಹೆಸರು ಓದಿ ಹಾಕುತ್ತಿದ್ದರು. ಜಾಗವನ್ನೂ ಕಿತ್ತುಕೊಂಡೆ, ಹೆಸರನ್ನೂ ಕಿತ್ತುಕೊಂಡೆ. ಬಣ್ಣ ಒಂದನ್ನು ಉಳಿಸಿದೆ. ಅವರಿಗಿಲ್ಲದ್ದು ಅದೊಂದೇ.

ಕೂಡಲೇ ಎರಡೂ ಗುಂಡು ಅಳಿಸಿದೆ. ಹಳೆಯ ಹಳದಿ ಫೋಲ್ಡರ್, ಎಡಕ್ಕೊಂದು ಬಲಕ್ಕೊಂದು, ದಪ್ಪ ಅಕ್ಷರದಲ್ಲಿ ಹೆಸರು.

ಮಾರ್ಚ್ ೨೪, ಸೋಮವಾರ

ಕೆಲಸ ಮುಗಿಸಿ ನೆರಳಣ್ಣನ ಮನೆಗೆ ಹೋದೆ. ಮಹಡಿ ಮೇಲೆ ಎರಡು ಕೋಣೆ. ಬಾಗಿಲು ತೆಗೆದದ್ದು ಅತ್ತಿಗೆ, ಅವರ ಹೆಂಡತಿ. ‘ನಾಲ್ಕು ದಿನದಿಂದ ಗೋಡೆ ಜೊತೆ ಮಾತಾಡ್ತಿದಾರೆ, ಹೋಗಿ ಕೂರು’ ಅಂದರು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ‘ಅಣ್ಣ, ಆ ಎರಡು ಗುಂಡು ನಿಮಗೆ ಯಾವ ಬಣ್ಣ ಕಾಣಿಸ್ತಿತ್ತು?’

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

‘ಒಂದು ಮಣ್ಣು’ ಅಂದರು ಕೊನೆಗೆ. ‘ಇನ್ನೊಂದೂ ಮಣ್ಣು.’

ಆಮೇಲೆ ತಾವಾಗಿಯೇ ಹೇಳಿದರು. ಹತ್ತೊಂಬತ್ತರ ವಯಸ್ಸು, ರೈಲು ಓಡಿಸುವ ಕೆಲಸಕ್ಕೆ ಹೋಗಿದ್ದರಂತೆ. ಬರೆಯುವ ಪರೀಕ್ಷೆ ಪಾಸು, ಓಟ ಪಾಸು. ‘ಕೊನೇಲಿ ಬಣ್ಣದ ಪರೀಕ್ಷೆ ಅಂತ ಒಂದು ಪುಸ್ತಕ ಹಿಡಿದ್ರು, ಬರೀ ಚುಕ್ಕಿ. ಇದರಲ್ಲಿರೋ ಅಂಕಿ ಓದು ಅಂದ್ರು. ಅಂಕಿ ಎಲ್ಲಿದೆ ಸಾರ್ ಅಂತ ನಾನೇ ಕೇಳಿದೆ. ಸಾಲಲ್ಲಿ ನಿಂತೋರೆಲ್ಲ ಬಿದ್ದು ಬಿದ್ದು ನಕ್ಕರು. ಅವತ್ತಿಂದ ಯಾರ ಹತ್ತಿರಾನೂ ಬಾಯಿ ಬಿಟ್ಟಿಲ್ಲ. ಇವಳೊಬ್ಬಳಿಗೆ ಗೊತ್ತು.’

‘ದಿನಾ ಬಣ್ಣ ನೋಡಿ ಅಂಗಿ ಎತ್ತಿಕೊಡೋಳು ನಾನಲ್ವಾ’ ಅಂದರು ಅತ್ತಿಗೆ ಒಳಗಿನಿಂದ.

‘ಎಕ್ಸ್‌ರೇ ಕೆಲಸ ಸಿಕ್ಕಿದಾಗ ಫಿಲ್ಮು ಡಾರ್ಕ್‌ರೂಮಲ್ಲಿ ತೊಳೀತಿದ್ರು. ಒಂದೇ ಒಂದು ಕೆಂಪು ದೀಪ. ಆ ಬೆಳಕಲ್ಲಿ ಯಾರಿಗೂ ಬಣ್ಣ ಕಾಣಲ್ಲಮ್ಮ. ಒಳಗೆ ಬಂದೋರೆಲ್ಲ ನನ್ನ ಹಾಗೇ. ಮೊದಲನೇ ದಿನಾನೇ ಅಂದ್ಕೊಂಡೆ, ಇನ್ನು ಇಲ್ಲಿಂದ ಎಲ್ಲೂ ಹೋಗಲ್ಲ ಅಂತ.’

‘ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತಲ್ಲ ಅಣ್ಣ?’

‘ನೀನು ಒಂದು ಮಾತು ಕೇಳಬಹುದಿತ್ತಲ್ಲಮ್ಮ?’



ಡಾಕ್ಟರಮ್ಮನಿಗೆ ತಿಳಿಸಬೇಡ ಅಂತ ಕೈ ಹಿಡಿದುಕೊಂಡರು. ‘ನಾನು ಹೇಳಲ್ಲ’ ಅಂದೆ. ‘ನೀವೇ ಹೇಳಿ, ನಾಳೆ. ನಾನು ಪಕ್ಕದಲ್ಲಿ ನಿಂತಿರ್ತೀನಿ. ಆ ದರ್ಜಿ ಅಕ್ಕನ ಕಾಲಿಗೆ ಯಾರಾದ್ರೂ ಜವಾಬು ಹೇಳಬೇಕಲ್ಲ ಅಣ್ಣ? ಅರ್ಧ ನಿಮ್ಮದು, ಅರ್ಧ ನಂದು.’

‘ಕೆಲಸ ಹೋದ್ರೆ?’

‘ಹೋಗಲ್ಲ.’ ಯಾವ ಧೈರ್ಯದಲ್ಲಿ ಹೇಳಿದೆನೋ. ಆದರೆ ಗಟ್ಟಿಯಾಗಿ ಹೇಳಿದೆ.

ಮಾರ್ಚ್ ೨೫, ಮಂಗಳವಾರ

ಹೇಳಿದರು. ನಿಂತುಕೊಂಡೇ, ಉಸಿರು ಕಟ್ಟಿ, ಒಂದೇ ಸಲಕ್ಕೆ. ಆಮೇಲೆ ನಾನು ಹೇಳಿದೆ: ಹೆಸರು ತೆಗೆದದ್ದು, ಜಾಗ ಅದಲುಬದಲು ಮಾಡಿದ್ದು, ಯಾರನ್ನೂ ಕೇಳದೇ ಇದ್ದದ್ದು.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

‘ಮೂವತ್ತೊಂದು ವರ್ಷ ನಿಮ್ಮ ಕಣ್ಣನ್ನ ನಂಬಿದ್ದೀನಿ. ಬೂದು ಬಣ್ಣದಲ್ಲಿ ನೀವು ನೋಡೋದು ನನಗೇ ಕಾಣಲ್ಲ. ಆದ್ರೆ ಮುಚ್ಚಿಟ್ರಲ್ಲ, ಅದು ತಪ್ಪು. ಒಬ್ಬರಿಗೆ ನೋವಾಗೋ ತನಕ ಮುಚ್ಚಿಟ್ರಿ.’ ಆಮೇಲೆ ನನ್ನ ಕಡೆ. ‘ನೀನು! ಮನೆಯವರನ್ನ ಕೇಳದೇ ಮನೆ ಬಾಗಿಲು ಕಿತ್ತು ಬೇರೆ ಕಡೆ ಇಡ್ತೀಯೇನೇ?’

‘ಇನ್ನು ಇಡಲ್ಲ ಮೇಡಂ.’

‘ಇಡು. ಕೇಳಿ ಇಡು.’

ಸಂಜೆ ಮೂವರೂ ದರ್ಜಿ ಅಕ್ಕನ ಅಂಗಡಿಗೆ ಹೋದೆವು. ಕಾಲು ಸ್ಟೂಲಿನ ಮೇಲೆ. ನೆರಳಣ್ಣ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ಅಕ್ಕ ಕೇಳಿಸಿಕೊಂಡರು, ದಾರ ಹಲ್ಲಿನಿಂದ ಕಡಿದರು. ‘ಸಿಟ್ಟಿದೆ’ ಅಂದರು. ‘ಸುಳ್ಳು ಯಾಕೆ ಹೇಳ್ಲಿ? ಎಡಗಾಲಲ್ಲಿ ತುಳಿಯೋದು ಕಲೀತಿದ್ದೀನಿ, ಹೊಲಿಗೆಯೆಲ್ಲ ಸೊಟ್ಟ. ಪ್ಲಾಸ್ಟರ್ ಬಿಚ್ಚೋ ದಿನ ಬನ್ನಿ, ಅಷ್ಟರಲ್ಲಿ ಇಳಿದಿರುತ್ತೆ.’

ನೆರಳಣ್ಣ ನಾಳೆಯಿಂದ ಡ್ಯೂಟಿಗೆ.

ಮಾರ್ಚ್ ೨೮, ಶುಕ್ರವಾರ, ಮಧ್ಯಾಹ್ನ ೧.೧೫

ಹೊಸ ಡೆಸ್ಕ್‌ಟಾಪ್. ಈ ಸಲ ಕುರ್ಚಿಯಲ್ಲಿ ನೆರಳಣ್ಣ, ಪಕ್ಕದ ಸ್ಟೂಲಿನಲ್ಲಿ ನಾನು. ತುರ್ತಿಗೆ ದೊಡ್ಡ ತ್ರಿಕೋನ, ಎಡಮೂಲೆಯಲ್ಲಿ, ಅಲ್ಲಾಡದ ಹಾಗೆ ಬೀಗ ಹಾಕಿ. ನಿಧಾನಕ್ಕೆ ಚೌಕ, ಬಲಮೂಲೆಯಲ್ಲಿ. ಕೆಳಗೆ ಹೆಸರು. ಇಷ್ಟು ನನ್ನ ಕೆಲಸ, ಹತ್ತು ನಿಮಿಷ. ಉಳಿದ ಮುಕ್ಕಾಲು ಗಂಟೆ ಹಿನ್ನೆಲೆಯ ಬೂದು ಆರಿಸುವುದರಲ್ಲೇ ಹೋಗುತ್ತಿದೆ.

‘ಇದು ಬೇಡ, ಇದರಲ್ಲಿ ಮಂಜು ಜಾಸ್ತಿ. ಇದು ನೋಡು.’

‘ಎರಡೂ ಒಂದೇ ಅಲ್ವಾ ಅಣ್ಣ?’

ಅವರು ನನ್ನ ಕಡೆ ತಿರುಗಿ, ಕನಿಕರದಿಂದ, ‘ನಿಂಗೆ ಕಾಣಲ್ವಾ?’ ಅಂದರು. ಮೂರು ಸಲ ಪರೀಕ್ಷೆ ಮಾಡಿದರು. ಮೂರು ಸಲವೂ ಫೇಲು. ಆಯಮ್ಮನನ್ನು ಕರೆದು ತೋರಿಸಿಕೊಳ್ಳಲೇ ಅಂದೆ. ಇಷ್ಟು ಜೋರಾಗಿ ಅವರು ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ನಕ್ಕಾಗಲೇ ಹೇಳಿಬಿಡಬೇಕು ಅನ್ನಿಸಿತು. ನಾಲ್ಕು ದಿನದಿಂದ ಹೇಳದೆ ಉಳಿಸಿಕೊಂಡಿದ್ದೆ.

‘ಅಣ್ಣ, ನಿಮಗೆ ವಯಸ್ಸಾಯ್ತು ಅಂತ ಡಾಕ್ಟರಮ್ಮನ ಹತ್ತಿರ ಹೇಳಿದ್ದು ನಾನೇ.’

ಮೌಸ್ ನಿಲ್ಲಲಿಲ್ಲ. ‘ಗೊತ್ತು. ಕೋಟು ಬಿಚ್ಚಿಸಿದ ದಿನಾನೇ ಅವರು ಹೇಳಿದ್ರು.’

‘ಹಾಗಾದ್ರೆ ಮನೆಗೆ ಬಂದಾಗ ಬಾಗಿಲಲ್ಲೇ ಯಾಕೆ ಅಟ್ಟಲಿಲ್ಲ?’

‘ಬೈಯೋಣ ಅಂತಾನೇ ಒಳಗೆ ಬಿಟ್ಟಿದ್ದು. ಅಷ್ಟರಲ್ಲಿ ನೀನು ಬಣ್ಣದ ಮಾತು ತೆಗೆದೆ. ಬೈಗುಳ ಹಾಗೇ ಉಳೀತು.’

‘ಈಗ ಬೈದುಬಿಡಿ ಅಣ್ಣ.’

‘ತಡಿ, ಈ ಬೂದು ಮುಗೀಲಿ.’

ಅವರು ಆರಿಸುತ್ತಿದ್ದಾರೆ, ನಾನು ಇದನ್ನು ಬರೆಯುತ್ತಾ ಕೂತಿದ್ದೇನೆ. ಪರದೆ ಈಗ ಬೆಳಗಿನ ಜಾವದ ಆಕಾಶದ ಹಾಗಿದೆ. ಒಪ್ಪಿಕೊಳ್ಳಲು ಕಷ್ಟ, ಆದರೆ ನನ್ನ ಕಡುನೀಲಿಗಿಂತ ಚೆಂದ. ಸಿಕ್ಕಿತಂತೆ. ಕುರ್ಚಿ ನನ್ನ ಕಡೆ ತಿರುಗುತ್ತಿದೆ. ಗಂಟಲು ಸರಿಮಾಡಿಕೊಂಡರು. ‘ಬರೆದಿದ್ದು ಸಾಕು, ಇತ್ತ ನೋಡು’ ಅನ್ನುತ್ತಿದ್ದಾರೆ. ನೋಡಿದೆ ಅಣ್ಣ, ಇದೊಂದು ಸಾಲು ಮುಗಿಸಿ