ಮೊದಲು ಗುಂಡು ಹೊಡೆದವನು

ನಾರ್ವೆ, ಕೊಪ್ಪ ತಾಲೂಕು
೧೮ ಮಾರ್ಚ್ ೨೦೦೭

ಪ್ರೀತಿಯ ಜಯಣ್ಣನಿಗೆ, ತಂಗಿ ವನಜಳ ನಮಸ್ಕಾರಗಳು.

ಸಂಕ್ರಾಂತಿಗೆ ನೀನು ನರಸಿಂಹರಾಜಪುರದಿಂದ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈದರೂ ಪರವಾಗಿಲ್ಲ. ಈ ಮನೆಯಲ್ಲಿ ಯಾರಾದರೂ ಬಾಯಿ ಬಿಟ್ಟರೆ ಸಾಕು ಅನ್ನಿಸುವ ಹಾಗಾಗಿದೆ.

ದೀಪು ರಜೆ ಹಾಕಿ ಬಂದು ತಿಂಗಳಾಯಿತು. ಕಾಡಿನ ನಕ್ಸಲ್ ಎನ್‌ಕೌಂಟರಿನಲ್ಲಿ ಅಡ್ಡಗದ್ದೆಯ ಹುಡುಗನನ್ನು ಹೊಡೆದದ್ದು ನಮ್ಮ ದೀಪುವೇ ಎಂದು ನಿನಗೂ ತಿಳಿದಿರುತ್ತದೆ. ಪೇಪರಿನವರು ಹೀರೋ ಎಂದು ಬರೆದರು. ಆ ಹೀರೋ ಊಟಕ್ಕೆ ಕರೆದರೆ ಏಳುವುದಿಲ್ಲ. ಪೊಲೀಸ್ ಕೆಲಸ ಹೋದರೂ ಹೋಗಲಿ ಅಣ್ಣ, ನನಗೆ ಮಗ ಉಳಿದರೆ ಸಾಕು.

ದಿನವಿಡೀ ಕೌಬಾಯ್ ಸಿನಿಮಾ. ಕೊಪ್ಪದ ಸಿಡಿ ಅಂಗಡಿಯಿಂದ ತಂದು ಒಂದರ ಹಿಂದೆ ಒಂದು ಹಾಕುತ್ತಾನೆ. ನಾನೂ ಬಾಳೆಕಾಯಿ ಹೆಚ್ಚುತ್ತಾ ಕೂರುತ್ತೇನೆ. ಹಿಂದೆ ಊರಿನ ಟೆಂಟ್ ಟಾಕೀಸಿಗೆ ಇಂಗ್ಲಿಷ್ ಸಿನಿಮಾ ಬಂದಾಗ ನೀನು ಪರದೆಯ ಪಕ್ಕ ಮೈಕ್ ಹಿಡಿದು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರ ಹಾಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆಯಲ್ಲ. ಮೊದಮೊದಲು ಹೀರೋ ಇಸ್ತ್ರಿ ಅಂಗಿಯವನು, ಎದುರಾಳಿ ಪಿಸ್ತೂಲಿಗೆ ಕೈ ಹಾಕುವ ತನಕ ತಾನು ಹಾಕುವವನಲ್ಲ. ಆಮೇಲೆ ಗಡ್ಡ ಬಿಟ್ಟವರು, ದುಡ್ಡಿಗೆ ಕೊಲ್ಲುವವರು ಬಂದರು. ನೀನು ಬಿಟ್ಟೆಯಾ? ಅವರಿಗೂ ತಂಗಿಯ ಮದುವೆ, ಅಮ್ಮನ ಔಷಧಿ ಎಂದು ಏನಾದರೊಂದು ಕಾರಣ ಹೊಸೆದು ಧರ್ಮರಾಯನನ್ನಾಗಿ ಮಾಡಿಬಿಡುತ್ತಿದ್ದೆ. ನಿನ್ನ ಕಾಲಬುಡದಲ್ಲಿ ಕೂತು ಅದನ್ನೆಲ್ಲ ಕೇಳಿಯೇ ಮಗ ಪೊಲೀಸಾದ ಎಂದು ನಮ್ಮನೆಯವರು ಈಗಲೂ ಕುಟುಕುತ್ತಾರೆ.

ಮೊನ್ನೆ ದೀಪು ಸಿನಿಮಾ ನಿಲ್ಲಿಸಿ, "ಅಮ್ಮ, ಮಾವ ಸುಳ್ಳು ಹೇಳ್ತಿದ್ದ. ನೋಡು, ಮೊದಲು ಹೊಡೆದಿದ್ದು ಇವನೇ" ಎಂದ.

"ಸಿನಿಮಾ ಅಲ್ದ ಮಾರಾಯ, ಬಿಡು" ಎಂದೆ.

"ಹಳೇದ್ರಲ್ಲಿ ಒಬ್ಬ ಬಿದ್ದ ಅಂದ್ರೆ ಕಥೆ ಮುಗೀತು. ಈಗಿನದ್ರಲ್ಲಿ ಹೊಡೆದವ್ನು ಮನೆಗೆ ಹೋಗ್ತಾನೆ. ಅಲ್ಲಿಂದ್ಲೇ ಶುರು."

ತಿಂಗಳಲ್ಲಿ ಅವನು ಆಡಿದ ದೊಡ್ಡ ಮಾತು ಅದೇ. ಈ ಹೊಸ ಸಿನಿಮಾಗಳಲ್ಲಿ ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ನನಗೆ ತಿಳಿಯುವುದಿಲ್ಲ.

ನೀನೊಮ್ಮೆ ಬಾ ಅಣ್ಣ. ಬುದ್ಧಿ ಹೇಳಬೇಡ, ಸುಮ್ಮನೆ ಅವನ ಪಕ್ಕ ಕೂತುಕೊ. ಅತ್ತಿಗೆಯ ಮಂಡಿನೋವಿಗೆ ಎಣ್ಣೆ ಕಾಯಿಸಿಟ್ಟಿದ್ದೇನೆ, ಹೋಗುವಾಗ ಒಯ್ಯಬಹುದು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ. ಮಕ್ಕಳಿಗೆ ಅತ್ತೆಯ ಆಶೀರ್ವಾದ ತಿಳಿಸು.

ನಿನ್ನ ತಂಗಿ,
ವನಜ

ತಾ.ಕ.: ಇದನ್ನು ಬರೆಯುವುದು ಬೇಡ ಎಂದೇ ಇದ್ದೆ. ನಿನ್ನೆ ಆ ಸತ್ತ ಹುಡುಗನ ತಾಯಿ ಪುಟ್ಟಕ್ಕ ಅಡ್ಡಗದ್ದೆಯಿಂದ ಒಬ್ಬಳೇ ಬಂದಿದ್ದಳು. ಶಾಪ ಹಾಕಲಿಲ್ಲ. ಜಗಲಿಯ ತುದಿಯಲ್ಲಿ ಕೂತು, "ನಿಮ್ಮ ಮಗನ ಹತ್ರ ಒಂದು ಕೇಳ್ಬೇಕಿತ್ತು. ನಮ್ಮ ಹುಡುಗ ಕಡೇಲಿ ಎಂತಾದ್ರೂ ಹೇಳಿದ್ನ ಅಂತ" ಎಂದಳು. ದೀಪು ಒಳಗೇ ಇದ್ದ. ಅವಳ ಮುಖ ನೋಡಿದರೆ ಇನ್ನಷ್ಟು ಕುಸಿದಾನು ಎಂದು ಹೆದರಿ, ಮನೆಯಲ್ಲಿಲ್ಲ ಎಂದುಬಿಟ್ಟೆ. ಕೊಟ್ಟ ನೀರು ಕುಡಿದು, ಲೋಟ ತೊಳೆದಿಟ್ಟು ಹೋದಳು.

ಒಳಗೆ ಬಂದರೆ ದೀಪು ಬಾಗಿಲ ಹಿಂದೆಯೇ ನಿಂತಿದ್ದ. "ಹೇಳಿದ್ದ ಅಮ್ಮ. ಅದನ್ನ ಅವ್ರಿಗೆ ಮುಟ್ಟಿಸ್ಬೇಕು ಅಂತ್ಲೇ ನಾನು ರಜೆ ಹಾಕಿ ಬಂದಿದ್ದು. ಹೋಗೋಕೆ ಧೈರ್ಯ ಸಾಲ್ತಿರ್ಲಿಲ್ಲ" ಎಂದ.

ಓಡು, ಇನ್ನೂ ಬಸ್ ಸ್ಟಾಪಿನಲ್ಲೇ ಇರುತ್ತಾಳೆ ಎಂದು ಬೆನ್ನು ಹಿಡಿದು ತಳ್ಳಿದೆ. ಅವನು ಕದಲಲಿಲ್ಲ.

"ಮನೇಲಿಲ್ಲ ಅಂದ್ಯಲ್ಲ ಅಮ್ಮ" ಎಂದ.