ಚಿತ್ರದಲ್ಲಿ ಇಲ್ಲದ ಅಕ್ಕ

ಮಾರ್ಚ್ ೧೪, ಗುರುವಾರ

ಅಕ್ಕನಿಗೆ ಸುಳ್ಳು ಹೇಳಿದೆ. ಬೆಳಗಿನಿಂದ ಅದೇ ಕೊರೆಯುತ್ತಿದೆ.

‘ನಗುವ ನಗರಕ್ಕೆ ಬನ್ನಿ’ ಎಂಬ ನಮ್ಮ ಕಚೇರಿಯ ದೊಡ್ಡ ಜಾಹೀರಾತು ಇವತ್ತು ಬಸ್ ನಿಲ್ದಾಣದೆದುರು ಬಂತು. ಅದರಲ್ಲಿರುವುದು ಅಕ್ಕನ ಮನೆಯ ಬೀದಿ. ಫೋಟೋ ತೆಗೆದ ದಿನ ಅವಳು ಖಾಲಿ ಕೊಡಗಳನ್ನು ಸುತ್ತ ಇಟ್ಟುಕೊಂಡು, ನೀರಿನ ಟ್ಯಾಂಕರ್ ಕಾಯುತ್ತಾ, ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಳು. ಆ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದಿದವನು ನಾನು.

ಇವತ್ತು ಒಳ್ಳೆಯ ಬಟ್ಟೆ ಹಾಕಿಕೊಂಡು, ಅಕ್ಕಪಕ್ಕದವರನ್ನೆಲ್ಲ ಕರೆದುಕೊಂಡು ನೋಡಲು ಬಂದಿದ್ದಳು.

“ನಾನೆಲ್ಲೋ?” ಎಂದಳು.

“ಅದು ಬೇರೆ ದಿನದ ಫೋಟೋ ಇರ್ಬೇಕು ಅಕ್ಕ.”

“ಇರ್ಬೇಕು ಬಿಡು,” ಎಂದು ನಕ್ಕು ಜೊತೆಯವರ ಕಡೆ ತಿರುಗಿದಳು. “ನನ್ನ ತಮ್ಮನೇ ಮಾಡಿದ್ದು. ನಮ್ಮ ಬೀದಿ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ!” ಅಷ್ಟರಲ್ಲಿ ಟ್ಯಾಂಕರ್ ಬರುವ ಹೊತ್ತಾಯಿತೆಂದು ಎಲ್ಲರೂ ಓಡಿದರು.

ಸಾಹೇಬರು ತೆಗೆಯಲು ಹೇಳಿದ್ದು ಕೊಡಗಳನ್ನು ಮಾತ್ರ. “ಆ ಹೆಂಗಸು ಇರ್ಲಿ, ನಗು ಚೆನ್ನಾಗಿದೆ. ಯಾರು ಅಂತ ಗೊತ್ತಾ?” ಎಂದು ಕೇಳಿದ್ದರು. ನಾನು ಉಳ್ಳವರ ಹೊಸ ಬಡಾವಣೆಯಲ್ಲೇ ಹುಟ್ಟಿ ಬೆಳೆದವನೆಂದು ಕಚೇರಿಯಲ್ಲಿ ಎಲ್ಲರೂ ನಂಬಿದ್ದಾರೆ. ನಾನೇ ನಂಬಿಸಿದ್ದು. “ಗೊತ್ತಿಲ್ಲ ಸರ್,” ಎಂದೆ. ಅವರು ಊಟಕ್ಕೆ ಎದ್ದು ಹೋದ ಮೇಲೆ ಅವಳನ್ನೂ ಅಳಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಭಾನುವಾರ ಊಟಕ್ಕೆ ಕರೆದಿದ್ದಾಳೆ. ಹೋಗಿ ನಿಜ ಹೇಳಿಬಿಡಬೇಕು. ಹೇಳಿದರೆ ಬೈಯುವವಳಲ್ಲ, ಕಷ್ಟ ಅದೇ. “ಸಾಹೇಬ್ರ ಮುಂದೆ ನಿನ್ನ ಮರ್ಯಾದೆ ಉಳೀತಲ್ಲ, ಬಿಡು,” ಎಂದು ನನ್ನ ತಟ್ಟೆಗೆ ಇನ್ನಷ್ಟು ಬಡಿಸುತ್ತಾಳೆ. ಅದನ್ನು ನಾನು ಹೇಗೆ ನುಂಗಲಿ?